ಓಡಿದ ಕಾರೋ, ಒಡೆದ ಕಾರೋ?



ಮೈಸೂರು ಬಿಟ್ಟು ನಂಜನಗೂಡಿನ ಕಡೆ ಹೊರಟರೆ ಮಂಡಕಳ್ಳಿ, ಕಡಕೊಳ, ಆಮೇಲೆ ತಾಂಡವಪುರ. ಹೊಲಗಳ ನಡುವಿನ ಈ ಊರಿನ ಸುತ್ತ ಈಗ ಕೈಗಾರಿಕಾ ಪ್ರದೇಶವಿದೆ, ಇಂಜಿನಿಯರಿಂಗ್ ಕಾಲೇಜಿದೆ. ಪಾಳಿ ಮುಗಿಸಿ ಕಾರ್ಖಾನೆಯಿಂದ ಹೊರಗೆ ಬರುವ, ಕ್ಲಾಸು ಮುಗಿಸಿ ಬಸ್ಸಿಗೆ ಕಾಯುವ ಎಳೆಯ ಮುಖಗಳಿವೆ. ಇವರಲ್ಲಿ ಕೆಲವರಿಗೆ ನಾಲ್ಕೈದು ವರ್ಷದ ಉಳಿತಾಯ ಕೈಗೆ ಬಂದಾಗ ಒಂದು ಆಸೆ ಹುಟ್ಟುತ್ತದೆ. ಬರೀ ಕಾರಲ್ಲ, ಕಾಲಿಟ್ಟರೆ ಮುಂದಕ್ಕೆ ಚಿಮ್ಮುವಂಥ ಕಾರು ಬೇಕು. ಆ ಆಸೆಯ ಬಗ್ಗೆ ನನಗೆ ಗೌರವವಿದೆ. ಯಂತ್ರವನ್ನು ಪ್ರೀತಿಸುವವರು ಯಂತ್ರವನ್ನು ಅರಿಯುತ್ತಾರೆ. ಈ ಹೊತ್ತು ನಾನು ಮಾತಾಡುವುದು ಅವರ ಜೊತೆ, ಮತ್ತು ಆ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂರಲಿರುವ ಅಪ್ಪ, ಅಮ್ಮ, ತಂಗಿಯರ ಜೊತೆ.

ಸ್ಪೋರ್ಟ್ಸ್ ಕಾರು ಅಂದರೆ ನಮ್ಮ ಕಡೆ ಎರಡೇ ಸೀಟಿನ, ಕೋಟಿ ಬೆಲೆಯ ಗಾಡಿ ಅಲ್ಲ. ಟರ್ಬೊ ಇಂಜಿನ್ನಿನ ಚಿಕ್ಕ ಕಾರು, ಇಲ್ಲವೇ ಒಂದು ಕಾಲಕ್ಕೆ ಶ್ರೀಮಂತರ ಮನೆಯಲ್ಲಿದ್ದು ಈಗ ಕೈಗೆಟುಕುವ ಬೆಲೆಗೆ ಇಳಿದಿರುವ ಸೆಡಾನ್. ಪೋಲೊ ಜಿಟಿ, ಅಬಾರ್ತ್ ಪುಂಟೊ, ಆಕ್ಟೇವಿಯಾ ಆರ್‌ಎಸ್ ಇಂಥ ಹೆಸರುಗಳನ್ನು ಹುಡುಗರು ಭಕ್ತಿಯಿಂದ ಹೇಳುತ್ತಾರೆ. ಪೋಲೊ ನಮ್ಮ ದೇಶದಲ್ಲಿ 2022ರಲ್ಲೇ ನಿಂತುಹೋಯಿತು. ಕೈಗೆಟುಕುವ ಬೆಲೆಗೆ ಇಂಥ ಕಾರು ಬೇಕೆಂದರೆ ಸೆಕೆಂಡ್ ಹ್ಯಾಂಡ್ ಪೇಟೆಯೇ ಗತಿ.

ಆ ಪೇಟೆಯಲ್ಲಿ ಹುಡುಗನ ಮುಂದೆ ಕೊನೆಗೆ ಎರಡು ಕಾರು ಬಂದು ನಿಲ್ಲುತ್ತವೆ. ಒಂದು, ಒಂದೂಕಾಲು ಲಕ್ಷ ಕಿಲೋಮೀಟರು ಓಡಿದ್ದು. ಸೀಟು ಸವೆದಿದೆ, ಸ್ಟೀರಿಂಗ್ ನುಣುಪಾಗಿದೆ, ಬಂಪರಿನ ಮೇಲೆ ಕಲ್ಲು ಸಿಡಿದ ಗುರುತಿದೆ. ಇನ್ನೊಂದು ಬರೀ ನಲವತ್ತು ಸಾವಿರ ಓಡಿದ್ದು. ಬಣ್ಣ ಥಳಥಳ, ಬೆಲೆಯೋ ಮೊದಲನೆಯದಕ್ಕಿಂತ ಲಕ್ಷ, ಒಂದೂವರೆ ಲಕ್ಷ ಕಡಿಮೆ. ಯಾಕೆ ಕಡಿಮೆ ಎಂದು ಕೇಳಿದರೆ ಬ್ರೋಕರ್ ದನಿ ತಗ್ಗಿಸುತ್ತಾನೆ: ‘ಒಂದ್ಸಲ ಸ್ವಲ್ಪ ಹೊಡ್ದಿತ್ತು ಸಾರ್, ಇನ್ಶೂರೆನ್ಸ್‌ನೋರು ಟೋಟಲ್ ಲಾಸ್ ಮಾಡ್ಬಿಟ್ರು, ಈಗ ಎಲ್ಲಾ ಪಕ್ಕಾ ಆಗಿದೆ.’

ಯಾವುದನ್ನು ತಗೊಳ್ಳಬೇಕು? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಓಡಿದ ಕಾರನ್ನು ತಗೊಳ್ಳಿ. ಓಡಿ ಸವೆದದ್ದು ಕಣ್ಣಿಗೆ ಕಾಣುತ್ತದೆ, ಅದಕ್ಕೊಂದು ಬೆಲೆ ಕಟ್ಟಬಹುದು, ಬದಲಾಯಿಸಬಹುದು. ಒಡೆದು ಕೂಡಿಸಿದ್ದು ಬಣ್ಣದ ಕೆಳಗೆ ಅಡಗಿರುತ್ತದೆ, ಮತ್ತು ನಮ್ಮ ದೇಶದ ಕಾಗದಪತ್ರ ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ಇದಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಕಿಲೋಮೀಟರಿನ ಭಯ. ತಾಂಡವಪುರದಲ್ಲಿ ಕೆಲಸ ಮಾಡುವ ಒಬ್ಬರು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಬರುತ್ತಾರೆ ಅಂದುಕೊಳ್ಳಿ. ಹೋಗಿಬರಲು ಸುಮಾರು ಮುನ್ನೂರು ಕಿಲೋಮೀಟರು. ವರ್ಷಕ್ಕೆ ಐವತ್ತು ಸಲ ಅಂದರೆ 15,000 ಕಿಲೋಮೀಟರು. ಎಂಟು ವರ್ಷಕ್ಕೆ 1,20,000. ಮೀಟರಿನಲ್ಲಿ ಈ ಅಂಕಿ ದೊಡ್ಡದಾಗಿ ಕಾಣುತ್ತದೆ. ಆದರೆ ಅದರಲ್ಲಿ ಹೆಚ್ಚಿನದು ಹೆದ್ದಾರಿಯಲ್ಲಿ, ಟಾಪ್ ಗೇರಿನಲ್ಲಿ, ಬಿಸಿಯಾದ ಎಣ್ಣೆಯಲ್ಲಿ ಇಂಜಿನ್ ಒಂದೇ ಹದದಲ್ಲಿ ತಿರುಗಿದ ಓಟ. ಅದೇ ಮೈಸೂರಿನ ದೇವರಾಜ ಅರಸು ರಸ್ತೆಯ ಸಂಜೆಯ ದಟ್ಟಣೆಯಲ್ಲಿ ಕ್ಲಚ್ ಒತ್ತಿ ಒತ್ತಿ ಓಡಿಸಿದ ಐವತ್ತು ಸಾವಿರ ಕಿಲೋಮೀಟರು ಗಾಡಿಯನ್ನು ಅದಕ್ಕಿಂತ ಹೆಚ್ಚು ದಣಿಸಬಹುದು. ಎಷ್ಟು ಓಡಿದೆ ಅನ್ನುವಷ್ಟೇ ಎಲ್ಲಿ, ಹೇಗೆ ಓಡಿದೆ ಅನ್ನುವುದನ್ನೂ ಕೇಳಬೇಕು.

ವೇಗದ ಕಾರಿನಲ್ಲಿ ಈ ಪ್ರಶ್ನೆಗೆ ಇನ್ನೂ ತೂಕ ಹೆಚ್ಚು. ಟರ್ಬೊ ಇರುವ ಇಂಜಿನ್ನಿಗೆ ಎಣ್ಣೆಯೇ ಪ್ರಾಣ. ಹೊತ್ತಿಗೆ ಸರಿಯಾಗಿ, ಹೇಳಿದ ದರ್ಜೆಯ ಎಣ್ಣೆ ಬದಲಾಯಿಸಿದ್ದಾರೋ ಇಲ್ಲವೋ ಸರ್ವೀಸ್ ಪುಸ್ತಕ ಹೇಳುತ್ತದೆ. ಇಂಜಿನ್ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿ ಶಕ್ತಿ ಹೆಚ್ಚಿಸಿದ್ದಾರೆಯೇ ಎಂದು ಕೇಳಿ. ಹಾಗೆ ಮಾಡಿಸಿದ್ದರೆ ಕ್ಲಚ್ಚು, ಗೇರ್‌ಬಾಕ್ಸು, ಟರ್ಬೊ ಎಲ್ಲಕ್ಕೂ ಕಾರ್ಖಾನೆ ಲೆಕ್ಕ ಹಾಕದ ಭಾರ ಬಿದ್ದಿರುತ್ತದೆ. ಇನ್ನುಳಿದದ್ದು ಸವೆಯಲೆಂದೇ ಇರುವ ಭಾಗಗಳು. ಶಾಕ್ ಅಬ್ಸಾರ್ಬರ್, ಬುಷ್, ಬ್ರೇಕ್ ಡಿಸ್ಕ್, ಇಂಜಿನ್ ಮೌಂಟಿಂಗ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ರಬ್ಬರ್ ಹೋಸ್. ಇವೆಲ್ಲಕ್ಕೂ ಅಂಗಡಿಯಲ್ಲಿ ಬೆಲೆ ಇದೆ, ಗ್ಯಾರೇಜಿನಲ್ಲಿ ಕೂಲಿ ಇದೆ. ಪಟ್ಟಿ ಬರೆಸಿ ಕೂಡಿಸಿದರೆ ಒಟ್ಟು ಖರ್ಚು ಕೊಳ್ಳುವ ಮೊದಲೇ ಗೊತ್ತಾಗುತ್ತದೆ. ಆ ಪಟ್ಟಿಯನ್ನೇ ಮುಂದಿಟ್ಟು ಚೌಕಾಸಿ ಮಾಡಬಹುದು.

ಈ ಪಾಠ ಮೈಸೂರಿಗೆ ಹೊಸದಲ್ಲ. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಆಮೇಲೆ ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ದೇಶಕ್ಕೆಲ್ಲ ಕೊಟ್ಟಿತು. 1996ರಲ್ಲಿ ಅದು ಮುಚ್ಚಿತು. ಕಾರ್ಖಾನೆ ಹೋದರೂ ಗಾಡಿಗಳು ಹೋಗಲಿಲ್ಲ. ಇವತ್ತಿಗೂ ನಮ್ಮ ಬೀದಿಗಳಲ್ಲಿ ಆ ಜೋಡಿ ಸೈಲೆನ್ಸರಿನ ಸದ್ದು ಕೇಳುತ್ತದೆ. ಅವುಗಳಲ್ಲಿ ಎಷ್ಟೋ ಇಂಜಿನ್ನುಗಳು ಮತ್ತೆ ಮತ್ತೆ ಬೋರಾಗಿವೆ, ಪ್ರತಿ ಸಲವೂ ಕೂದಲೆಳೆಯಷ್ಟು ದೊಡ್ಡ ಪಿಸ್ಟನ್ ಕೂರಿಸಿಕೊಂಡು ಮತ್ತೆ ಓಡಿವೆ. ಹಳೇ ಗಾಡಿ ಕೊಳ್ಳುವ ಅನುಭವಸ್ಥರು ಮೊದಲು ನೋಡುವುದು ಇಂಜಿನ್ನನ್ನಲ್ಲ, ಚಾಸಿಯನ್ನು. ನೇರವಾಗಿದೆಯೇ, ಎಲ್ಲಾದರೂ ವೆಲ್ಡಿಂಗ್ ಇದೆಯೇ, ಚಾಸಿ ನಂಬರು ಕಾರ್ಖಾನೆಯಲ್ಲಿ ಒತ್ತಿದ್ದೇ, ನೋಂದಣಿ ಪತ್ರವಾದ ಆರ್‌ಸಿಯಲ್ಲಿರುವುದೂ ಅದೇ ನಂಬರೇ. ಇಂಜಿನ್ನನ್ನು ಬದುಕಿಸಬಹುದು, ಬಗ್ಗಿದ ಚಾಸಿಯನ್ನು ನಂಬಲಾಗದು ಎಂಬುದು ಅವರ ಕೈಯ ಅರಿವು. ಕಾರಿಗೂ ಅದೇ ಅನ್ವಯಿಸುತ್ತದೆ.

ಇನ್ನು ಎರಡನೇ ಕಾರಿನ ವಿಷಯ. ಟೋಟಲ್ ಲಾಸ್ ಅಂದರೆ ಏನು? ನಮ್ಮಲ್ಲಿ ವಿಮೆ ಮಾಡಿಸುವಾಗ ಗಾಡಿಗೆ ಒಂದು ಮೌಲ್ಯ ಕಟ್ಟುತ್ತಾರೆ. ಅದಕ್ಕೆ ಐಡಿವಿ ಎನ್ನುತ್ತಾರೆ. ಗಾಡಿ ಹಳೆಯದಾದಂತೆ ಇದು ಇಳಿಯುತ್ತದೆ; ನಾಲ್ಕರಿಂದ ಐದು ವರ್ಷದ ಕಾರಿಗೆ ಹೊಸ ಬೆಲೆಯ ಅರ್ಧ. ಅಪಘಾತವಾದ ಮೇಲೆ ರಿಪೇರಿಯ ಖರ್ಚು ಈ ಐಡಿವಿಯ ಶೇಕಡ 75ನ್ನು ಮೀರಿದರೆ, ರಿಪೇರಿ ಬೇಡ, ಪೂರ್ತಿ ನಷ್ಟ ಎಂದು ವಿಮಾ ಕಂಪನಿ ಹಣ ತೀರಿಸುತ್ತದೆ. ಉಳಿದ ಗಾಡಿ ಹರಾಜಿಗೆ ಹೋಗುತ್ತದೆ. ಅಲ್ಲಿ ಕೊಂಡವರು ಬಿಡಿಭಾಗ ಬಿಚ್ಚಿ ಮಾರಬಹುದು, ಇಲ್ಲವೇ ಟಿಂಕರಿಂಗ್ ಮಾಡಿಸಿ, ಬಣ್ಣ ಹೊಡೆಸಿ ಮತ್ತೆ ರಸ್ತೆಗೆ ತರಬಹುದು.

ಇಲ್ಲಿ ನ್ಯಾಯವಾದ ಒಂದು ಮಾತು ಹೇಳಬೇಕು. ಟೋಟಲ್ ಲಾಸ್ ಆದ ಪ್ರತಿ ಕಾರೂ ನುಜ್ಜುಗುಜ್ಜಾದದ್ದೇ ಎಂದೇನಿಲ್ಲ. ಎಂಟು ವರ್ಷದ ದುಬಾರಿ ಕಾರಿನ ಐಡಿವಿ ನಾಲ್ಕು ಲಕ್ಷ ಇದ್ದರೆ ಗಡಿ ಮೂರು ಲಕ್ಷಕ್ಕೇ ಬಂತು. ಹೊರದೇಶದಿಂದ ಬರುವ ಹೆಡ್‌ಲೈಟು, ರೇಡಿಯೇಟರು, ಬಾನೆಟ್ಟು, ಎರಡು ಏರ್‌ಬ್ಯಾಗು ಸೇರಿದರೆ ಕಂಪನಿ ಸರ್ವೀಸ್ ಸೆಂಟರಿನ ಅಂದಾಜು ಆ ಗಡಿಯನ್ನು ಸುಲಭವಾಗಿ ದಾಟುತ್ತದೆ, ಗಾಡಿಯ ಚೌಕಟ್ಟಿಗೆ ಪೆಟ್ಟೇ ಬೀಳದಿದ್ದರೂ ಸಹ. ಟೋಟಲ್ ಲಾಸ್ ಅನ್ನುವ ಮಾತು ಹಣದ ಲೆಕ್ಕ, ಪೆಟ್ಟಿನ ಆಳದ ಲೆಕ್ಕವಲ್ಲ. ಪೆಟ್ಟಿನ ಆಳ ತಿಳಿಯಬೇಕಾದರೆ ವಿಮೆಯ ಸರ್ವೇಯರ್ ಬರೆದ ವರದಿ ಬೇಕು, ರಿಪೇರಿಗೆ ಮೊದಲು ತೆಗೆದ ಫೋಟೊ ಬೇಕು.

ಬೇರೆ ದೇಶಗಳಲ್ಲಿ ಈ ಆಳವನ್ನು ಕೊಳ್ಳುವವನಿಗೆ ತಿಳಿಸುವ ಏರ್ಪಾಡು ಇದೆ. ಅಮೆರಿಕದ ರಾಜ್ಯಗಳಲ್ಲಿ ಇಂಥ ಕಾರಿನ ಮಾಲೀಕತ್ವದ ಪತ್ರದ ಮೇಲೇ ಸಾಲ್ವೇಜ್ ಎಂಬ ಮುದ್ರೆ ಬೀಳುತ್ತದೆ. ಆ ಮುದ್ರೆಯಿಂದಾಗಿಯೇ ಅದರ ಬೆಲೆ ಇಳಿಯುತ್ತದೆ. ಬ್ರಿಟನ್ನಿನಲ್ಲಿ 2017ರಿಂದ ಇಂಥ ಗಾಡಿಗಳನ್ನು ಎ, ಬಿ, ಎಸ್, ಎನ್ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಎ ಮತ್ತು ಬಿ ಮತ್ತೆ ರಸ್ತೆಗೆ ಬರುವಂತಿಲ್ಲ. ಎಸ್ ಅಂದರೆ ಗಾಡಿಯ ಮೂಲ ಅಸ್ಥಿಗೇ, ಅಂದರೆ ಚೌಕಟ್ಟಿಗೇ, ಪೆಟ್ಟಾಗಿದೆ, ಎನ್ ಅಂದರೆ ಅಸ್ಥಿಗೆ ಪೆಟ್ಟಾಗಿಲ್ಲ. ಕೊಳ್ಳುವವನು ಒಂದು ಅಕ್ಷರ ನೋಡಿ ನಿರ್ಧರಿಸಬಹುದು.

ನಮ್ಮ ಆರ್‌ಸಿಯಲ್ಲಿ ಅಂಥ ಅಕ್ಷರವಿಲ್ಲ. ಮೋಟಾರು ವಾಹನ ಕಾಯ್ದೆ 1988ರ 55ನೇ ವಿಧಿ, ಗಾಡಿ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕ 14 ದಿನದೊಳಗೆ, ಇಲ್ಲವೇ ಸಾಧ್ಯವಾದಷ್ಟು ಬೇಗ, ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಎನ್ನುತ್ತದೆ. ಆದರೆ ವಿಮೆಯವರ ಟೋಟಲ್ ಲಾಸ್ ಈ ವಿಧಿಯ ನಾಶವಲ್ಲ. ಗಾಡಿಯನ್ನು ರಿಪೇರಿ ಮಾಡಬಹುದು ಅನ್ನುವವರೆಗೂ ಆರ್‌ಸಿ ಬದುಕಿಯೇ ಇರುತ್ತದೆ. ಅದು ಹರಾಜಿನಲ್ಲಿ ಕೊಂಡವನ ಹೆಸರಿಗೆ ಹೋಗುತ್ತದೆ, ಅಲ್ಲಿಂದ ನಿಮ್ಮ ಹೆಸರಿಗೆ ಬರುತ್ತದೆ, ಮೈಮೇಲೆ ಒಂದು ಗೀರೂ ಇಲ್ಲದೆ.

ಇದರಿಂದ ಇನ್ನೂ ಘೋರವಾದ ಮೋಸಕ್ಕೆ ದಾರಿಯಾಗಿದೆ. ನುಜ್ಜುಗುಜ್ಜಾದ ಕಾರನ್ನು ಕೊಳ್ಳುವುದು, ಅದರ ಆರ್‌ಸಿ ಇಟ್ಟುಕೊಳ್ಳುವುದು, ಅದೇ ಮಾದರಿಯ, ಅದೇ ಬಣ್ಣದ ಕದ್ದ ಕಾರಿಗೆ ಆ ಚಾಸಿ ನಂಬರು ಒತ್ತುವುದು. ದೇಶದ ಹಲವು ಕಡೆ ಪೊಲೀಸರು ಇಂಥ ಜಾಲಗಳನ್ನು ಹಿಡಿದಿದ್ದಾರೆ. ಕೊಂಡವನು ಪೂರ್ತಿ ದುಡ್ಡು ಕೊಟ್ಟಿದ್ದರೂ ಕಾರು ಪೊಲೀಸ್ ಠಾಣೆಯ ಅಂಗಳ ಸೇರುತ್ತದೆ, ಕೊಂಡವನು ಕೋರ್ಟು ಅಲೆಯುತ್ತಾನೆ.

ನೀರಿನಲ್ಲಿ ಮುಳುಗಿದ ಕಾರುಗಳದ್ದು ಬೇರೆಯದೇ ಸಂಕಟ. 2015ರ ಡಿಸೆಂಬರಿನಲ್ಲಿ ಚೆನ್ನೈ, 2018ರ ಆಗಸ್ಟಿನಲ್ಲಿ ಕೇರಳ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವಲಯದ ಬಡಾವಣೆಗಳು ಮುಳುಗಿದಾಗ ದುಬಾರಿ ಕಾರುಗಳು ಸೀಟಿನ ಮಟ್ಟಕ್ಕೆ, ಕೆಲವು ಮಾಡಿನ ಮಟ್ಟಕ್ಕೆ ನೀರಿನಲ್ಲಿ ನಿಂತವು. ತಾಂಡವಪುರದ ಮುಂದೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766 ಗುಂಡ್ಲುಪೇಟೆ, ಬಂಡೀಪುರದ ದಾರಿಯಾಗಿ ಕೇರಳದ ಕೋಯಿಕ್ಕೋಡಿಗೇ ಹೋಗುತ್ತದೆ. ಹೀಗೆ ಮುಳುಗಿದ ಹೊರರಾಜ್ಯದ ಅಗ್ಗದ ಕಾರು ನಮ್ಮೂರಿಗೆ ಬರಲು ದೂರವೇನೂ ಇಲ್ಲ. ನಮ್ಮ ಕಪಿಲಾ ನದಿಯೂ 2018, 2019ರ ಮಳೆಗಾಲದಲ್ಲಿ ಉಕ್ಕಿ ನಂಜನಗೂಡಿನ ಬಳಿ ಹೆದ್ದಾರಿಯ ಮೇಲೇ ಹರಿಯಿತು. ನೀರು ಕಂಡರೆ ಇಂಜಿನ್ ಹೋಯಿತು ಎಂದು ಜನ ಹೆದರುತ್ತಾರೆ. ಇಂಜಿನ್ನಿನೊಳಗೆ ನೀರು ಎಳೆದುಕೊಂಡಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಗ್ಗುವುದು ನಿಜ. ಆದರೆ ಅದನ್ನು ಸರಿಪಡಿಸಿದರೂ ವೈರಿಂಗಿನ ತೊಂದರೆ ಉಳಿಯುತ್ತದೆ. ಈ ಕಾರುಗಳಲ್ಲಿ ಬ್ರೇಕು, ಸ್ಟೀರಿಂಗು, ಏರ್‌ಬ್ಯಾಗು ಎಲ್ಲವೂ ಕಂಪ್ಯೂಟರಿನ ಮಾತು ಕೇಳುತ್ತವೆ. ಕೆಸರು ನೀರು ಹೊಕ್ಕ ಕನೆಕ್ಟರು ಒಣಗಿದ ಮೇಲೆ ನಿಧಾನವಾಗಿ ಹಸಿರುಗಟ್ಟುತ್ತದೆ. ತೊಂದರೆ ಆರು ತಿಂಗಳಿಗೆ ಕಾಣಿಸಬಹುದು, ಎರಡು ವರ್ಷಕ್ಕೂ ಕಾಣಿಸಬಹುದು.

ಪೆಟ್ಟು ತಿಂದ ಕಾರಿನ ಅಪಾಯ ವೇಗದ ಕಾರಿನಲ್ಲಿ ಯಾಕೆ ಹೆಚ್ಚು? ಈಗಿನ ಕಾರಿಗೆ ಲಾರಿಯಂತೆ ಬೇರೆ ಚಾಸಿ ಇರುವುದಿಲ್ಲ. ಮಾಡು, ಕಂಬ, ತಳ ಎಲ್ಲವೂ ಸೇರಿ ಒಂದೇ ಪೆಟ್ಟಿಗೆ. ಮುಂದಿನ ಭಾಗ ಡಿಕ್ಕಿಯಲ್ಲಿ ತಾನು ಮಡಿಸಿಕೊಂಡು, ಒಳಗೆ ಕೂತವರಿಗೆ ತಟ್ಟಬೇಕಾದ ಪೆಟ್ಟನ್ನು ನುಂಗುವಂತೆ ಲೆಕ್ಕ ಹಾಕಿ ಮಾಡಿರುತ್ತಾರೆ. ಒಮ್ಮೆ ಮಡಿಸಿದ ಆ ಉಕ್ಕನ್ನು ಕಾಯಿಸಿ, ಬಡಿದು ನೇರ ಮಾಡಿದರೆ ಆಕಾರ ಬರಬಹುದು, ಮೊದಲಿನ ಬಲ ಬರುವುದಿಲ್ಲ. ಬಲಿಷ್ಠ ಉಕ್ಕು ಶಾಖಕ್ಕೆ ತನ್ನ ಗುಣವನ್ನೇ ಬಿಡುತ್ತದೆ. ಏರ್‌ಬ್ಯಾಗು, ಸೀಟ್ ಬೆಲ್ಟಿನ ಬಿಗಿಯುವ ಸಾಧನ ಒಂದೇ ಸಲಕ್ಕೆ ಆಗುವಂಥವು. ಹೊಸದು ಹಾಕಲು ದುಡ್ಡು ಹೆಚ್ಚು. ಹಾಕದೆಯೇ ಮುಚ್ಚಳ ಮುಚ್ಚಿ, ಎಚ್ಚರಿಕೆಯ ದೀಪ ಉರಿಯದಂತೆ ವೈರಿನಲ್ಲೇ ಕೈಚಳಕ ಮಾಡುವವರಿದ್ದಾರೆ. ಗಂಟೆಗೆ ಅರವತ್ತರಿಂದ ನೂರಿಪ್ಪತ್ತಕ್ಕೆ ವೇಗ ಎರಡರಷ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕರಷ್ಟಾಗುತ್ತದೆ. ವೇಗಕ್ಕೆಂದೇ ಕೊಂಡ ಕಾರಿಗೆ ಬೇರೆಲ್ಲ ಕಾರಿಗಿಂತ ಗಟ್ಟಿ ಅಸ್ಥಿ ಬೇಕು. ಅದೇ ಇಲ್ಲದ ಕಾರನ್ನು ಅಗ್ಗ ಎಂದು ಕರೆಯುವುದು ತಪ್ಪು.

ಹಾಗಾದರೆ ಕಂಡುಹಿಡಿಯುವುದು ಹೇಗೆ? ಕಾರನ್ನು ಹಗಲಲ್ಲಿ, ಬಯಲಲ್ಲಿ ನೋಡಿ. ಬಾಗಿಲು, ಬಾನೆಟ್ಟು, ಡಿಕ್ಕಿಯ ಮುಚ್ಚಳದ ಸಂದು ಎರಡೂ ಕಡೆ ಸಮವಾಗಿದೆಯೇ ನೋಡಿ. ಬಾನೆಟ್ ಎತ್ತಿ ಫೆಂಡರಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಆಡಿದ ಗುರುತು ಹುಡುಕಿ. ಏಪ್ರನ್ ಮೇಲೆ, ಬಾಗಿಲ ಕಂಬಗಳ ರಬ್ಬರ್ ಸರಿಸಿ, ಕಾರ್ಖಾನೆಯ ಚುಕ್ಕಿ ವೆಲ್ಡಿಂಗ್ ಸಾಲಾಗಿದೆಯೇ, ನಡುವೆ ಎಲ್ಲಾದರೂ ಪಟ್ಟಿ ಕೂಡಿಸಿದ್ದಾರೆಯೇ ನೋಡಿ. ಕಿಟಕಿ ಗಾಜುಗಳ ಮೂಲೆಯ ಸಂಕೇತ ಎಲ್ಲದರಲ್ಲೂ ಒಂದೇ ಕಾಲದ್ದೇ? ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಕೆಸರಿನ ಗೆರೆ ಇದ್ದರೆ ಅಲ್ಲಿ ಸಿಗುತ್ತದೆ. ಸ್ಟೆಪ್ನಿ ಎತ್ತಿ ಅದರ ಕುಳಿಯಲ್ಲಿ ಕೈಯಾಡಿಸಿ. ಸೀಟಿನ ಹಳಿಯ ತುಕ್ಕು, ಕಾರ್ಪೆಟ್ಟಿನ ಅಡಿಯ ವಾಸನೆ ಸುಳ್ಳು ಹೇಳುವುದಿಲ್ಲ. ಕೀ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಒಮ್ಮೆ ಹತ್ತಿ, ತಾನಾಗಿ ಆರಬೇಕು. ಹತ್ತದೇ ಇದ್ದರೂ ಅನುಮಾನ, ಆರದೇ ಇದ್ದರೂ ಅನುಮಾನ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಸಡಿಲ ಹಿಡಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ ಗಮನಿಸಿ. ಕೊನೆಗೆ ನಿಮಗೆ ಗೊತ್ತಿರುವ ಮೆಕ್ಯಾನಿಕ್ಕಿನ ಬಳಿ ರ್‍ಯಾಂಪಿಗೆ ಏರಿಸಿ, ಸ್ಕ್ಯಾನರ್ ಹಾಕಿಸಿ ನೋಡಿ. ಇದಕ್ಕೆ ಮಾರುವವರು ಒಪ್ಪದಿದ್ದರೆ ಅಲ್ಲಿಗೇ ಕೈಬಿಡಿ.

ಓಡಿದ ಕಾರಿನಲ್ಲೂ ಎಚ್ಚರ ಬೇಕು, ಮೀಟರ್ ತಿರುಗಿಸುವವರು ಇದ್ದಾರೆ. ಪ್ರತಿ ಸರ್ವೀಸಿನ ಬಿಲ್ಲಿನಲ್ಲೂ ಅಂದಿನ ಕಿಲೋಮೀಟರು ಬರೆದಿರುತ್ತದೆ. ಕಂಪನಿ ಷೋರೂಮಿನ ದಾಖಲೆ ತೆಗೆಸಿ, ಅಂಕಿ ವರ್ಷದಿಂದ ವರ್ಷಕ್ಕೆ ಏರಿದೆಯೇ, ನಡುವೆ ಇಳಿದಿದೆಯೇ ನೋಡಿ. ದೊಡ್ಡ ಬಾಡಿ ರಿಪೇರಿ ಆಗಿದ್ದರೆ ಅದೂ ಅಲ್ಲೇ ಸಿಗಬಹುದು. ಎಂಪರಿವಾಹನ್ ಆ್ಯಪಿನಲ್ಲಿ ಎಷ್ಟನೇ ಓನರ್, ಸಾಲದ ಹೊರೆ ಇದೆಯೇ, ವಿಮೆ ಎಂದಿನವರೆಗೆ ಎಂಬುದನ್ನು ತಾಳೆ ನೋಡಿ. ವಿಮೆ ನಡುವೆ ತಿಂಗಳುಗಟ್ಟಲೆ ನಿಂತು, ಅದೇ ಹೊತ್ತಿಗೆ ಮಾಲೀಕ ಬದಲಾಗಿ, ಗಾಡಿ ಇನ್ನೊಂದು ಜಿಲ್ಲೆಗೋ ರಾಜ್ಯಕ್ಕೋ ಹೋಗಿದ್ದರೆ ಆ ತಿಂಗಳುಗಳಲ್ಲಿ ಏನಾಯಿತು ಎಂದು ಕೇಳಲೇಬೇಕು. ನಾಚಿಕೆ ಬೇಡ, ನೇರವಾಗಿ ಕೇಳಿ: ‘ಅಣ್ಣಾ, ಈ ಗಾಡಿ ಮೇಲೆ ಟೋಟಲ್ ಲಾಸ್ ಕ್ಲೈಮ್ ಆಗಿದ್ಯಾ? ಇಲ್ಲ ಅಂದ್ರೆ ಹಾಗಂತ ಬರ್ದು ಸೈನ್ ಹಾಕಿ ಕೊಡಿ.’ ಬರೆದುಕೊಟ್ಟ ಕಾಗದ ನಾಳೆ ನ್ಯಾಯಾಲಯದಲ್ಲಿ ನಿಮ್ಮ ಪರ ಮಾತಾಡುತ್ತದೆ.

ಕೊಂಡ ಮೇಲೆ ಫಾರಂ 29, 30 ಕೊಟ್ಟು ಆರ್‌ಸಿಯನ್ನು ತಕ್ಷಣ ನಿಮ್ಮ ಹೆಸರಿಗೆ ಮಾಡಿಸಿ. ಸಾಲ ತೀರಿದ್ದರೆ ಫಾರಂ 35, ಹೊರರಾಜ್ಯದ ಗಾಡಿಯಾದರೆ ಎನ್‌ಒಸಿ. ಹೊರರಾಜ್ಯದ್ದಕ್ಕೆ ಇಲ್ಲಿನ ತೆರಿಗೆ ಕಟ್ಟಬೇಕು, ಅದನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಮಾರಿದವರಿಗೂ ಇದರಲ್ಲಿ ಹಿತವಿದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೊಂಡ 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ. ಹಳೇ ಮಾಲೀಕರ ನೋ ಕ್ಲೈಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವರದೇ.

ಒಡೆದ ಕಾರನ್ನು ಯಾರೂ ಯಾವತ್ತೂ ಕೊಳ್ಳಬಾರದೇ? ಕೊಳ್ಳಬಹುದಾದ ಸಂದರ್ಭ ಒಂದಿದೆ. ಮಾರುವವರು ತಾವಾಗಿಯೇ ಸರ್ವೇಯರ್ ವರದಿ, ರಿಪೇರಿಗೆ ಮೊದಲಿನ ಫೋಟೊ, ಹೊಸ ಬಿಡಿಭಾಗಗಳ ಬಿಲ್ಲು ಮುಂದಿಡಬೇಕು. ಅಸ್ಥಿಗೆ ಪೆಟ್ಟಿಲ್ಲ, ಏರ್‌ಬ್ಯಾಗ್ ಹೊಸದಾಗಿ ಬಂದಿವೆ, ನೀರು ಹೊಕ್ಕಿಲ್ಲ ಎಂದು ಆ ಕಾಗದಗಳೇ ತೋರಿಸಬೇಕು. ಸಮಗ್ರ ವಿಮೆ ಕೊಡಲು ಕಂಪನಿ ಮೊದಲೇ ಒಪ್ಪಿರಬೇಕು. ಇಷ್ಟೂ ಇದ್ದು, ಮುಂದೆ ಮಾರುವಾಗ ನೀವೂ ಇದೇ ಕಾಗದಗಳನ್ನು ತೋರಿಸಲು ಸಿದ್ಧರಿದ್ದರೆ ಕೊಳ್ಳಿ. ಇದರಲ್ಲಿ ಒಂದು ಕಡಿಮೆಯಾದರೂ, ಎಷ್ಟೇ ಅಗ್ಗವಾದರೂ ಬೇಡ.

ಕೊನೆಯದಾಗಿ ಸರ್ಕಾರಕ್ಕೆ ಒಂದು ಮನವಿ. ದೇಶದ ಬಹುತೇಕ ವಾಹನಗಳ ನೋಂದಣಿ ಇಂದು ವಾಹನ್ ಎಂಬ ಗಣಕ ವ್ಯವಸ್ಥೆಯಲ್ಲಿದೆ. ಯಾವ ಗಾಡಿಗೆ ಪೂರ್ತಿ ನಷ್ಟದ ಪರಿಹಾರ ಕೊಟ್ಟೆವು ಎಂಬುದು ವಿಮಾ ಕಂಪನಿಗಳಿಗೆ ಗೊತ್ತಿದೆ. ಇವೆರಡನ್ನೂ ಕೂಡಿಸಿ ಆರ್‌ಸಿಯ ಮೇಲೆ ಒಂದು ಸಾಲು ಮುದ್ರಿಸಲಿ: ಈ ವಾಹನ ಇಂಥ ವರ್ಷ ಪೂರ್ತಿ ನಷ್ಟವೆಂದು ತೀರ್ಮಾನವಾಗಿತ್ತು, ಅಸ್ಥಿಗೆ ಪೆಟ್ಟಾಗಿತ್ತು ಅಥವಾ ಆಗಿರಲಿಲ್ಲ. ಅಷ್ಟು ಸಾಕು. ಸರಿಯಾಗಿ ರಿಪೇರಿ ಮಾಡಿ ಮಾರುವ ಪ್ರಾಮಾಣಿಕರಿಗೂ ಅದರಿಂದ ನ್ಯಾಯ ಸಿಗುತ್ತದೆ, ಅವರ ಕಾರಿಗೆ ಅನುಮಾನದ ಬೆಲೆಯ ಬದಲು ನಿಜದ ಬೆಲೆ ಬರುತ್ತದೆ.

ಆ ಸಾಲು ಬರುವ ದಿನದವರೆಗೂ ಕೇಳುವ ಹೊಣೆ ನಮ್ಮದು. ತಾಂಡವಪುರದ ನನ್ನ ತಮ್ಮ ತಂಗಿಯರೇ, ನಿಮ್ಮ ಮೊದಲ ವೇಗದ ಕಾರನ್ನು ಆರಿಸುವಾಗ ಮೀಟರಿನ ಅಂಕಿಗೆ ಹೆದರಬೇಡಿ, ಬಣ್ಣದ ಹೊಳಪಿಗೆ ಮರುಳಾಗಬೇಡಿ. ಯಾವ ಕಾರಿನ ಹಿಂದಿನ ಪ್ರತಿ ವರ್ಷಕ್ಕೂ ಕಾಗದವಿದೆಯೋ ಅದನ್ನು ತನ್ನಿ. ಉಳಿತಾಯವನ್ನೆಲ್ಲ ಗಾಡಿಯ ಬೆಲೆಗೇ ಸುರಿಯದೆ ಒಂದು ಪಾಲನ್ನು ಟೈರು, ಬ್ರೇಕು, ಸಸ್ಪೆನ್ಷನ್ನಿಗೆ ತೆಗೆದಿಡಿ. ಮನೆಯವರನ್ನು ಕೂರಿಸಿಕೊಂಡು ನಿಶ್ಚಿಂತೆಯಿಂದ ಓಡಿಸಬಲ್ಲ ಕಾರೇ ನಿಮ್ಮ ದುಡಿಮೆಗೆ ತಕ್ಕ ಕಾರು.